ಕಾಯಕಲ್ಪದ ಅಂಕಪಟ್ಟಿಯಲ್ಲಿ ಕೀವಿಗೆ ಎಷ್ಟು ಅಂಕ?

ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ ಹಾಕಿ ಬಹುಮಾನ ಕೊಡುವ ಕೇಂದ್ರದ ‘ಕಾಯಕಲ್ಪ’ ಯೋಜನೆ 2015ರ ಮೇ ತಿಂಗಳಲ್ಲಿ ಶುರುವಾಯಿತು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕು ಕೇಂದ್ರಗಳ ದವಾಖಾನೆಗಳೂ ಇದೇ ಅಳತೆಗೋಲಿಗೆ ಸಲ್ಲಬೇಕು. ಕಸ, ಕಕ್ಕಸು, ರಕ್ತದ ಕಲೆ ಇವೆಲ್ಲ ಆಯಾಗಳ ಪಾಡು ಎಂಬ ಹಳೆಯ ಧೋರಣೆಯನ್ನು ಮುರಿದು, ಅವನ್ನು ಆಡಳಿತ ವೈದ್ಯಾಧಿಕಾರಿಯ ಮೇಜಿಗೆ ತಂದದ್ದು ಈ ಯೋಜನೆಯ ದೊಡ್ಡ ಗೆಲುವು. ಅದನ್ನು ಒಪ್ಪಿಕೊಂಡೇ ಅಂಕಪಟ್ಟಿಯನ್ನು ಬಿಡಿಸಿ ನೋಡಬೇಕು.

ಮೊದಲ ಕೈಪಿಡಿಯಲ್ಲಿ ಒಟ್ಟು 500 ಅಂಕ. ಸೋಂಕು ನಿಯಂತ್ರಣಕ್ಕೆ 100. ಆ ನೂರರೊಳಗೆ ಕೈತೊಳೆತ, ಕೈಗವಸು, ಉಪಕರಣಗಳ ಶುದ್ಧೀಕರಣ ಹೀಗೆ ಹತ್ತು ಬಾಬತ್ತುಗಳು. ಆಸ್ಪತ್ರೆಯಲ್ಲಿ ನಿಜಕ್ಕೂ ಎಷ್ಟು ಜನರಿಗೆ ಸೋಂಕು ತಗುಲಿತು ಎಂದು ಲೆಕ್ಕ ಇಡುವುದು ಅವುಗಳಲ್ಲಿ ಒಂದು ಬಾಬತ್ತು ಮಾತ್ರ. ಅದಕ್ಕೆ ಸಿಗುವುದು 10 ಅಂಕ. ಶೇ 70 ದಾಟಿದರೆ ಪ್ರಶಂಸಾ ಪ್ರಶಸ್ತಿ. ಅಂದರೆ, ಒಬ್ಬ ರೋಗಿಯ ಸೋಂಕನ್ನೂ ಬರೆದಿಡದ ಆಸ್ಪತ್ರೆ ಕೂಡ ಆರಾಮವಾಗಿ ಬಹುಮಾನ ಪಡೆಯಬಹುದು. ಪಟ್ಟಿಯ ನಿಜವಾದ ದೌರ್ಬಲ್ಯ ಇಲ್ಲಿದೆ.

ಪರಿಶೀಲನೆಗೆ ಬಂದವರಿಗೆ ಕಾಣುವುದು ಸಿಂಕು, ಸೋಪು, ತ್ಯಾಜ್ಯದ ಹಳದಿ–ಕೆಂಪು ಡಬ್ಬಿಗಳು. ಬ್ಲೀಚಿಂಗ್ ದ್ರಾವಣದ ಬಕೆಟ್ಟೂ ಕಾಣುತ್ತದೆ. ಆದರೆ ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಕ್ಲೋರಿನ್ನಿನ ಕಸುವು ಬೇಗ ಇಳಿಯುತ್ತದೆ. ನಿನ್ನೆ ಕಲಸಿಟ್ಟ ದ್ರಾವಣಕ್ಕೆ ಇಂದು ವಾಸನೆ ಇದ್ದೀತು, ರೋಗಾಣುವನ್ನು ಕೊಲ್ಲುವ ಶಕ್ತಿ ಇರಲಿಕ್ಕಿಲ್ಲ. ನೀರಿನದೂ ಅದೇ ಕಥೆ. ಟ್ಯಾಂಕರ್ ಬರದ ದಿನ ನಲ್ಲಿಯ ಮೇಲೆ ಅಂಟಿಸಿದ ಕೈತೊಳೆಯುವ ಚಿತ್ರ ಬರೀ ಚಿತ್ರ. ಅಲ್ಕೋಹಾಲ್ ದ್ರಾವಣವಾದರೆ 20–30 ಸೆಕೆಂಡು ಉಜ್ಜಿಕೊಂಡರೆ ಸಾಕು, ನೀರು ಬೇಡ. (ಕಬ್ಬು ನುರಿಸುವ ಜಿಲ್ಲೆಯಲ್ಲಿ ಅದಕ್ಕೆ ಬರ ಬರಬಾರದು, 2020ರಲ್ಲಿ ರಾಜ್ಯದ ಡಿಸ್ಟಿಲರಿಗಳು ಸ್ಯಾನಿಟೈಸರ್ ತಯಾರಿಸಿದ್ದನ್ನು ಮರೆತಿಲ್ಲವಷ್ಟೇ.)

ಇನ್ನು ಪರಿಶೀಲಕರ ಕಣ್ಣಿಗೆ ಬೀಳದೇ ಇರುವುದರ ಮಾತು. ಸಿಜೇರಿಯನ್ ಆದ ಬಾಣಂತಿ ಕೆಲವೇ ದಿನಗಳಲ್ಲಿ ತವರಿಗೆ ಹೋಗುತ್ತಾಳೆ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು 30 ದಿನಗಳವರೆಗೆ ಗಮನಿಸಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ‘ಹೊಲಿಗ್ಯಾಗ ಕೀವು ಆಗೇತಿ’ ಎಂಬ ಮಾತು ಹುಟ್ಟುವುದು ಮನೆಯಲ್ಲಿ. ಅವಳು ಮುಂದೆ ಊರಿನ ಡಾಕ್ಟರ ಬಳಿಗೋ, ಇಂಡಿಯ ಕಡೆಯವಳಾದರೆ ಸೊಲ್ಲಾಪುರಕ್ಕೋ ಹೋದರೆ, ಹೊಲಿಗೆ ಹಾಕಿದ ಆಪರೇಷನ್ ಥಿಯೇಟರಿಗೆ (ಓಟಿಗೆ) ಸುದ್ದಿಯೇ ಮುಟ್ಟುವುದಿಲ್ಲ. ಸುದ್ದಿ ಮುಟ್ಟದ ಓಟಿ, ತನ್ನಲ್ಲಿ ಎಲ್ಲ ಸರಿಯಿದೆ ಎಂದೇ ನಂಬಿರುತ್ತದೆ.

ಗುಂಪಾಗಿ ಬಂದ ಸೋಂಕಾದರೆ ಮಾತು ಬೇರೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಗೆ ಬಳಸಿದ ಜೆಲ್‌ನಲ್ಲೇ ಸೂಡೊಮೊನಾಸ್ ಬ್ಯಾಕ್ಟೀರಿಯಾ ಇದ್ದುದು ಆಮೇಲೆ ಗೊತ್ತಾಯಿತು. ಒಂದೇ ದಿನ, ಒಂದೇ ಕಡೆ ಶಸ್ತ್ರಚಿಕಿತ್ಸೆಯಾದವರು ಒಟ್ಟಿಗೆ ನರಳಿದ್ದರಿಂದ ಅದು ಬಯಲಿಗೆ ಬಂತು. ಅಷ್ಟೇ ಜನ ಇಪ್ಪತ್ತು ಹಳ್ಳಿಗಳಲ್ಲಿ, ಆರು ತಿಂಗಳ ಅಂತರದಲ್ಲಿ ನರಳಿದ್ದರೆ? ತಾಲ್ಲೂಕು ಆಸ್ಪತ್ರೆಯ ಸೋಂಕು ಬಹುಪಾಲು ಈ ಎರಡನೆಯ ಜಾತಿಯದು.

ಹೀಗೆ ಚದುರಿದ ಸೋಂಕನ್ನು ಎಣಿಸಲು ಹೊಸ ಹುದ್ದೆ, ಹೊಸ ಆ್ಯಪ್ ಏನೂ ಬೇಕಿಲ್ಲ. ನವಜಾತ ಶಿಶುವಿನ ಆರೈಕೆಗೆಂದು ಆಶಾ ಕಾರ್ಯಕರ್ತೆ 42ನೆಯ ದಿನದವರೆಗೂ ಬಾಣಂತಿಯ ಮನೆಗೆ ಹೋಗುವ ಪದ್ಧತಿ ಈಗಾಗಲೇ ಇದೆ. ಕೂಸಿನ ತೂಕ ನೋಡುವವಳು ತಾಯಿಯ ಹೊಲಿಗೆಯನ್ನೂ ನೋಡಿ, ಕೀವು, ಜ್ವರ, ಕೆಂಪು ಇದೆಯೇ ಎಂದು ಬರೆದರೆ, ಆ ಚೀಟಿ ತಿಂಗಳಿಗೊಮ್ಮೆ ಹೆರಿಗೆ ಮಾಡಿಸಿದ ಆಸ್ಪತ್ರೆಗೆ ತಲುಪಿದರೆ, ಉಪಕರಣ ಶುದ್ಧೀಕರಿಸುವ ಆಟೊಕ್ಲೇವ್ ಕೈಕೊಟ್ಟ ವಾರ ತಾನಾಗಿ ಎದ್ದು ಕಾಣುತ್ತದೆ. ಆದರೆ ಗೌರವಧನಕ್ಕಾಗಿ ಪದೇ ಪದೇ ಬೀದಿಗಿಳಿಯಬೇಕಾದ ಆಶಾಗಳ ಹೆಗಲಿಗೆ ಈ ಕೆಲಸವನ್ನು ಪುಕ್ಕಟೆ ಹೊರಿಸುವುದು ಅನ್ಯಾಯ.

ಎಣಿಕೆ ಶುರುವಾದ ವರ್ಷ ಸೋಂಕಿನ ಸಂಖ್ಯೆ ಏರಿಯೇ ಏರುತ್ತದೆ, ಮೊದಲು ಕಾಣದಿದ್ದುದು ಕಾಣತೊಡಗಿರುತ್ತದೆ. ಆ ವರ್ಷ ಆಸ್ಪತ್ರೆಗೆ ನೋಟಿಸ್ ಕೊಟ್ಟರೆ ಮರುವರ್ಷ ರಿಜಿಸ್ಟರಿನಲ್ಲಿ ಸೊನ್ನೆಗಳೇ ಇರುತ್ತವೆ. ಕಾಯಕಲ್ಪದ ಪಟ್ಟಿಯನ್ನು ತಿದ್ದುವವರು ಎಣಿಕೆಯ 10 ಅಂಕವನ್ನು 50ಕ್ಕೆ ಏರಿಸಲಿ, ಅದನ್ನೂ ಸಂಖ್ಯೆ ಕಡಿಮೆ ಇದೆ ಎಂದಲ್ಲ, ಲೆಕ್ಕ ಪೂರ್ತಿ ಇದೆ ಎಂಬುದಕ್ಕೆ ಕೊಡಲಿ.