ಬೆಸುಗೆಯಿಲ್ಲದ ಎಂಜಿನು: ಒಂದು ವಿಮರ್ಶೆ

2024ನೆಯ ಮೇ 9ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಮಹೇಂದ್ರಗಿರಿಯಲ್ಲಿ ಪಿ.ಎಸ್.-4 ಎಂಬ ರಾಕೆಟ್ ಎಂಜಿನನ್ನು 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. ಪಿ.ಎಸ್.ಎಲ್.ವಿ. ವಾಹನದ ನಾಲ್ಕನೆಯ ಹಂತಕ್ಕೆ ಸೇರಿದ ಈ ಎಂಜಿನು, ಲೋಹದ ಪುಡಿಯನ್ನು ಲೇಸರ್ ಕಿರಣದಿಂದ ಕರಗಿಸುತ್ತ ಪದರಪದರವಾಗಿ ಕಟ್ಟಿದುದು. ಕಟ್ಟಿದವರು ಬೆಂಗಳೂರಿನ ವಿಪ್ರೋ 3ಡಿ ಸಂಸ್ಥೆಯವರು. 14 ಬಿಡಿಭಾಗಗಳು ಒಂದಾದುವು, 19 ಬೆಸುಗೆಗಳು ಇಲ್ಲವಾದುವು, 565 ಕಿಲೋಗ್ರಾಂ ಲೋಹ ಬೇಕಾಗುತ್ತಿದ್ದೆಡೆ 13.7 ಕಿಲೋಗ್ರಾಂ ಪುಡಿ ಸಾಕಾಯಿತು ಎಂದು ಪ್ರಕಟವಾಯಿತು. ಈ ಸಾಧನೆಯನ್ನು ನಾವು ಶಂಕಿಸುವುದಿಲ್ಲ. ಇಂತಹ ಅಂಕೆಗಳಿಂದ ಸುಲಭವಾಗಿ ಮೂಡುವ ತಪ್ಪು ತಿಳಿವಳಿಕೆಯನ್ನು ಪರಿಶೀಲಿಸುವುದಷ್ಟೇ ನಮ್ಮ ಉದ್ದೇಶ.

ಮೊದಲನೆಯದಾಗಿ, ಬೆಸುಗೆ ನಿಜವಾಗಿಯೂ ಇಲ್ಲವಾಯಿತೆ? ಆರ್ಗಾನಿನಂತಹ ಜಡ ಅನಿಲ ತುಂಬಿದ ಪೆಟ್ಟಿಗೆಯಲ್ಲಿ, ಸಾಮಾನ್ಯವಾಗಿ 20ರಿಂದ 60 ಮೈಕ್ರಾನ್ ದಪ್ಪದ ಪುಡಿಯ ಪದರವನ್ನು ಹರಡುತ್ತಾರೆ. ನಕ್ಷೆ ತೋರಿದೆಡೆಯಲ್ಲಿ ಕಿರಣವು ಗೆರೆಗೆರೆಯಾಗಿ ಓಡಿ ಪುಡಿಯನ್ನು ಕರಗಿಸುತ್ತದೆ. ಕರಗಿದ ಲೋಹವು ಪಕ್ಕದ ಗೆರೆಯನ್ನೂ ಕೆಳಗಿನ ಪದರವನ್ನೂ ಕೊಂಚ ಕರಗಿಸಿಕೊಂಡು ಅವುಗಳೊಡನೆ ಹೆಪ್ಪುಗಟ್ಟುತ್ತದೆ. ಇದು ಬೆಸುಗೆಯಲ್ಲದೆ ಮತ್ತೇನು? 19 ದೊಡ್ಡ ಬೆಸುಗೆಗಳ ಸ್ಥಾನದಲ್ಲಿ ಎಣಿಕೆಗೆ ಸಿಗದಷ್ಟು ಕಿರುಬೆಸುಗೆಗಳು ಬಂದಿವೆ. ಇವು ಒಂದೇ ಯಂತ್ರದ ಒಂದೇ ನಿಯಮಕ್ಕೆ ಒಳಪಟ್ಟಿರುವುದು ಗುಣವೇ ಸರಿ. ಆದರೆ ಆ ಹತ್ತೊಂಬತ್ತನ್ನು ಬೆರಳಿಟ್ಟು ತೋರಿಸಬಹುದಾಗಿತ್ತು. ಇವು ವಸ್ತುವಿನ ಮೈಯೊಳಗೆ ಅಡಗಿವೆ.

ಅಡಗಿರುವ ದೋಷಗಳು ಒಂದೇ ಬಗೆಯವಲ್ಲ. ಶಾಖ ಸಾಲದಿದ್ದರೆ ಪದರಗಳ ನಡುವೆ ಪುಡಿ ಕರಗದೆ ಚಪ್ಪಟೆಯಾದ ಬಿರುಕಿನಂತಹ ಟೊಳ್ಳುಗಳು ಉಳಿಯುತ್ತವೆ. ಶಾಖ ಮಿತಿಮೀರಿದರೆ ಲೋಹ ಆವಿಯಾಗಿ ಆಳವಾದ ಕುಳಿ ಬಿದ್ದು, ಅದು ಕುಸಿದಾಗ ಗುಂಡನೆಯ ಗುಳ್ಳೆಗಳು ಸೇರಿಕೊಳ್ಳುತ್ತವೆ. ಮತ್ತೆಮತ್ತೆ ಬೀಳುವ ಹೊರೆಯಲ್ಲಿ ಮೊದಲನೆಯವುಗಳ ಚೂಪಾದ ಅಂಚು ಹೆಚ್ಚು ಅಪಾಯಕಾರಿ. ಇದಲ್ಲದೆ ಅತಿವೇಗವಾಗಿ ತಣಿಯುವುದರಿಂದ ಲೋಹದಲ್ಲಿ ಬಿಗುಪು ಉಳಿದು ವಸ್ತು ಸೊಟ್ಟಗಾಗಬಹುದು, ಸೀಳಲೂಬಹುದು. ಆದುದರಿಂದಲೇ ಅಡಿಫಲಕದಿಂದ ಬಿಡಿಸುವ ಮುನ್ನ ಅದನ್ನು ಕಾಯಿಸಿ ಬಿಗುಪು ಸಡಿಲಿಸುವ ರೂಢಿಯುಂಟು. ಅಧಿಕ ಉಷ್ಣತೆಯಲ್ಲಿ ಎಲ್ಲ ಕಡೆಯಿಂದಲೂ ಅನಿಲದಿಂದ ಒತ್ತುವ ಸಂಸ್ಕಾರವು ಒಳಗಿನ ಟೊಳ್ಳುಗಳನ್ನು ಮುಚ್ಚಬಲ್ಲುದು. ಮೇಲ್ಮೈಗೆ ಬಾಯ್ದೆರೆದವನ್ನು ಮುಚ್ಚಲಾರದು.

ಎರಡನೆಯದು ತೂಕದ ಮಾತು. 565 ಮತ್ತು 13.7 ಎಂಬ ಅಂಕೆಗಳನ್ನು ಎದುರೆದುರು ಇಟ್ಟೊಡನೆ ಅಷ್ಟೇ ಪ್ರಮಾಣದಲ್ಲಿ ವೆಚ್ಚವೂ ಶಕ್ತಿಯೂ ಉಳಿಯಿತೆಂದು ವಿದ್ಯಾರ್ಥಿಯು ಭಾವಿಸುವುದು ಸಹಜ. ಆದರೆ ಪುಡಿಯು ಗಣಿಯಿಂದ ಪುಡಿಯಾಗಿಯೇ ಬರುವುದಿಲ್ಲ. ಲೋಹವನ್ನು ಕರಗಿಸಿ, ಅನಿಲದ ರಭಸದಿಂದ ಹನಿಗಳಾಗಿ ಚೆದುರಿಸಿ, ಜರಡಿ ಹಿಡಿದು ತಕ್ಕ ಗಾತ್ರದ ಕಣಗಳನ್ನು ಆರಿಸಬೇಕು. ಈ ದುಡಿಮೆ 13.7ರಲ್ಲಿ ಕಾಣಿಸದು. ಲೋಹದ ಉಳಿತಾಯ ನಿಜ. ಉಳಿದುದನ್ನು ಬೇರೆಯಾಗಿ ಲೆಕ್ಕಹಾಕಬೇಕು.

ಕಡೆಯದಾಗಿ, ‘ಮುದ್ರಣ’ವೆಂಬ ಹೆಸರು. ಮುದ್ರಣದಲ್ಲಿ ಕಾಗದ ಮೊದಲೇ ಇರುತ್ತದೆ. ಅಕ್ಷರ ಆಮೇಲೆ ಮೂಡುತ್ತದೆ. ಕಮ್ಮಾರನಿಗೂ ಕಬ್ಬಿಣ ಮೊದಲು ಸಿಕ್ಕುತ್ತದೆ, ರೂಪ ಆಮೇಲೆ. ಇಲ್ಲಿಯಾದರೋ ವಸ್ತುವೂ ರೂಪವೂ ಏಕಕಾಲದಲ್ಲಿ ಹುಟ್ಟುತ್ತವೆ. ಪುಡಿ ಎಷ್ಟೇ ಶುದ್ಧವಾಗಿದ್ದರೂ ಅದರ ಪ್ರಮಾಣಪತ್ರವು ಸಿದ್ಧವಸ್ತುವಿನ ಪ್ರಮಾಣಪತ್ರವಾಗಲಾರದು. ಈ ಕಾರಣದಿಂದ ಇದನ್ನು ಗಣಕಯಂತ್ರದ ನಕ್ಷಾವಿದ್ಯೆಗೆ ಅನುಬಂಧವಾಗಿ ಕಲಿಸುವುದು ಸಮಂಜಸವಲ್ಲ. ಬೆಸುಗೆ, ಎರಕ, ಲೋಹದ ಹೆಪ್ಪುಗಟ್ಟುವಿಕೆ ಇವುಗಳ ಪಾಠವಾದ ಮೇಲೆಯೇ ಕಲಿಸತಕ್ಕದ್ದು. ಬಿಡಿಭಾಗಗಳು ಎಷ್ಟು ಕಡಮೆಯಾದುವೆಂದು ಕೇಳುವ ವಿದ್ಯಾರ್ಥಿಯು, ಒಳದೋಷಗಳನ್ನು ಹೇಗೆ ಹುಡುಕಿದರು, ಎಷ್ಟು ಸಣ್ಣ ದೋಷದವರೆಗೆ ಕಾಣಬಲ್ಲವರಾದರು ಎಂದೂ ಕೇಳುವಂತಾಗಬೇಕು. 665 ಸೆಕೆಂಡುಗಳ ಉರಿ ಆ ಒಂದು ಎಂಜಿನಿಗೆ ಸಾಕ್ಷಿ. ಮುಂದಿನ ಎಂಜಿನಿನ ಲೋಹವು ಹೊಸದಾಗಿಯೇ ಹುಟ್ಟುವುದರಿಂದ ಅದರ ಪರೀಕ್ಷೆಯೂ ಹೊಸದಾಗಿಯೇ ನಡೆಯಬೇಕು.