ಮರೆಯಾಗಬೇಕಾದ ಕಲ್ಲು

ಹವಳದ ಅಕ್ವೇರಿಯಂ ಕಟ್ಟುವವರು ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ಕಲ್ಲು ಜೋಡಿಸುವುದು. ಆಗಿನ್ನೂ ನೀರಿಲ್ಲ, ಮೀನಿಲ್ಲ, ಹವಳವಂತೂ ಇಲ್ಲವೇ ಇಲ್ಲ. ಖಾಲಿ ಗಾಜಿನ ತೊಟ್ಟಿ, ಪಕ್ಕದಲ್ಲಿ ಹಳೆಯ ದಿನಪತ್ರಿಕೆ ಹಾಸಿ ಹರಡಿದ ಇಪ್ಪತ್ತೋ ಮೂವತ್ತೋ ಕೆ.ಜಿ. ಕಲ್ಲು, ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತ ಕುಕ್ಕರಗಾಲಲ್ಲಿ ಕೂತ ಒಬ್ಬ ಮನುಷ್ಯ, ಇಷ್ಟೇ. ಆ ಮಧ್ಯಾಹ್ನ ಅವನು ತೆಗೆದುಕೊಂಡ ತೀರ್ಮಾನಗಳು ಮುಂದೆ ಹಲವು ವರ್ಷ ಆ ತೊಟ್ಟಿಯ ಬದುಕನ್ನು ಆಳುತ್ತವೆ. ಒಮ್ಮೆ ಹವಳ ಕಚ್ಚಿಕೊಂಡು ಬೆಳೆಯತೊಡಗಿತೆಂದರೆ ಕಲ್ಲನ್ನು ಕದಲಿಸುವುದು ಸುಲಭವಲ್ಲ.

ಕೆಲವು ವರ್ಷಗಳಿಂದ ಇಂಥ ತೊಟ್ಟಿಗಳನ್ನೂ ಅವುಗಳ ಚಿತ್ರಗಳನ್ನೂ ನೋಡುತ್ತ ಬಂದಿದ್ದೇನೆ. ಇವುಗಳ ಸುತ್ತ ನಡೆಯುವ ಮಾತು ಹೆಚ್ಚಾಗಿ ಎರಡು ಬಗೆಯದು. ಒಂದು, ಪಂಪು, ದೀಪ, ಉಪ್ಪಿನ ಅಳತೆಯ ಲೆಕ್ಕಾಚಾರ. ಇನ್ನೊಂದು, 'ಆಹಾ, ಎಷ್ಟು ಚಂದ' ಎನ್ನುವ ಉದ್ಗಾರ. ಇವೆರಡರ ನಡುವೆ ಇರಬೇಕಾದ ವಿಮರ್ಶೆಯೇ ಕಡಿಮೆ. ಒಂದು ಕಥೆಯನ್ನು ಓದಿ ಇದು ಯಾಕೆ ಗೆದ್ದಿತು, ಎಲ್ಲಿ ಸೋತಿತು ಎಂದು ಕೇಳುವ ಹಾಗೆ ಕಲ್ಲಿನ ಜೋಡಣೆಯನ್ನೂ ಕೇಳಬಹುದು. ಇಲ್ಲಿಯೂ ಶೈಲಿಗಳಿವೆ, ಪಂಥಗಳಿವೆ, ಕಾಲಕಾಲದ ಫ್ಯಾಶನ್ನುಗಳಿವೆ.

ಕಲ್ಲು ಎಂದಾಗ ನಮ್ಮ ಹೊಲದ ಕಲ್ಲನ್ನು ನೆನೆಯಬಾರದು. ಹವಳ ಎಂದಾಗ ನವರತ್ನದ ಕೆಂಪು ಮಣಿಯನ್ನೂ ನೆನೆಯಬಾರದು. ಆ ಒಡವೆಯ ಹವಳದ ಜಾತಿ ಬೇರೆ, ದಿಬ್ಬ ಕಟ್ಟುವ ಹವಳದ ಜಾತಿ ಬೇರೆ. ದಿಬ್ಬ ಕಟ್ಟುವ ಹವಳ ಸಣ್ಣ ಪ್ರಾಣಿಗಳ ಒಂದು ವಸಾಹತು. ಅವು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತಮ್ಮ ಕೆಳಗೆ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಉಳಿಯುವ ಆ ಅಸ್ಥಿಯೇ ಕಾಲಾಂತರದಲ್ಲಿ ಈ ಕಲ್ಲಾಗುತ್ತದೆ. ಕೈಗೆತ್ತಿಕೊಂಡರೆ ಗಾತ್ರಕ್ಕಿಂತ ಹಗುರ, ಒಳಗೆಲ್ಲ ತೂತು. ಹೊರಮೈಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳತೂತುಗಳಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ನೈಟ್ರೋಜನ್ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ತೊಟ್ಟಿಯ ಮೂತ್ರಪಿಂಡವೇ ಕಲ್ಲು ಎಂದರೂ ನಡೆದೀತು. ಆದ್ದರಿಂದ ಇಲ್ಲಿ ರೂಪ ಮತ್ತು ಉಪಯೋಗವನ್ನು ಬೇರೆ ಮಾಡಿ ನೋಡುವುದಕ್ಕಾಗದು. ಅಲಂಕಾರವೆಂದು ಇಟ್ಟ ಕಲ್ಲು ಕೂಡ ಉಸಿರಾಡಬೇಕು.

ಈ ಗುಟ್ಟನ್ನು ಬಹಳ ಬೇಗ ಕಂಡವರು ಜಕಾರ್ತದ ಲೀ ಚಿನ್ ಎಂಗ್. ಸಮುದ್ರದಿಂದ ಜೀವಿಗಳ ಸಮೇತ ತಂದ ಕಲ್ಲು, ಸಮುದ್ರದ ನೀರು, ಸಣ್ಣಗೆ ಏಳುವ ಗಾಳಿಯ ಗುಳ್ಳೆ, ಇಷ್ಟರಲ್ಲೇ ಹವಳ ಸಾಕಿದ್ದನ್ನು ಅವರು 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಬರೆದರು. ಆಗ ಅದನ್ನು ಗಂಭೀರವಾಗಿ ಎತ್ತಿಕೊಂಡವರು ಕಡಿಮೆ. 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ಇದೇ ಜೀವಂತ ಕಲ್ಲಿಗೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರವನ್ನೂ ಪ್ರಖರ ದೀಪವನ್ನೂ ಸೇರಿಸಿದರು. ಅದು 'ಬರ್ಲಿನ್ ಪದ್ಧತಿ' ಎಂದು ಹೆಸರಾಯಿತು.

ಬರ್ಲಿನ್ ಕಾಲದ ಜೋಡಣೆಯ ಚಿತ್ರಗಳನ್ನು ಇಂದು ನೋಡಿದರೆ ನನಗೆ ದಸರಾ ಗೊಂಬೆಯ ಮೆಟ್ಟಿಲು ನೆನಪಾಗುತ್ತದೆ. ಹಿಂದಿನ ಗಾಜಿಗೆ ಒರಗಿಸಿ ಕೆಳಗಿನಿಂದ ಮೇಲಿನವರೆಗೆ ಪೇರಿಸಿದ ಕಲ್ಲು, ಒಂದೊಂದು ಮೆಟ್ಟಿಲಿನ ಮೇಲೆ ಒಂದೊಂದು ಹವಳ, ಎಲ್ಲವೂ ನೋಡುವವನ ಕಡೆಗೇ ಮುಖ ಮಾಡಿ ಕೂತಿರುತ್ತವೆ. ಗ್ಯಾಲನ್ ನೀರಿಗೆ ಒಂದರಿಂದ ಎರಡು ಪೌಂಡ್ ಕಲ್ಲು ಎಂಬ ಸೂತ್ರ ಆಗ ಬಾಯಿಪಾಠವಾಗಿತ್ತು. ಕಲ್ಲು ಹೆಚ್ಚಾದಷ್ಟೂ ಶುದ್ಧೀಕರಣ ಹೆಚ್ಚು ಎಂಬ ತರ್ಕ ತಪ್ಪೇನಲ್ಲ. ಆದರೆ ಗೋಡೆಯ ಹಿಂದೆ ನೀರು ಹರಿಯುವುದಿಲ್ಲ, ಕಸ ಅಲ್ಲಿ ಕೂತು ಕೊಳೆಯುತ್ತದೆ. ಶುದ್ಧಿಗೆಂದು ಕಟ್ಟಿದ್ದೇ ಗಲೀಜಿನ ಗೂಡಾಗುತ್ತದೆ. ನಮ್ಮ ಕೆಲವು ಐತಿಹಾಸಿಕ ಕಾದಂಬರಿಗಳಲ್ಲಿ ಸಂಶೋಧನೆಯ ಸಾಮಗ್ರಿಯೆಲ್ಲ ಒಳಗೆ ಬಂದು, ಕಥೆ ಹರಿಯಲು ಸಂದಿಯೇ ಉಳಿದಿರುವುದಿಲ್ಲವಲ್ಲ, ಇದೂ ಹಾಗೆಯೇ.

ಗೋಡೆಯ ಶೈಲಿ ಹಿಂದೆ ಸರಿದಾಗ ಬಂದ ಹೊಸ ಅಭಿರುಚಿಗೆ ಒಂದು ಪ್ರೇರಣೆ ಸಿಹಿನೀರಿನಿಂದ ಬಂತು, ಜಪಾನಿನ ತಕಾಶಿ ಅಮಾನೋ ಅವರಿಂದ. ಒಂದು ಕಾಲದಲ್ಲಿ ವೃತ್ತಿಪರ ಸೈಕಲ್ ಓಟಗಾರ, ಆಮೇಲೆ ಛಾಯಾಗ್ರಾಹಕ, ಜಲಸಸ್ಯಗಳ ತೊಟ್ಟಿಗೆ ಕಲೆಯ ಸ್ಥಾನ ತಂದುಕೊಟ್ಟ ಮನುಷ್ಯ, 2015ರಲ್ಲಿ ತೀರಿಕೊಂಡರು. ಜಪಾನೀ ಉದ್ಯಾನದ ಕಲ್ಲಿನ ನಿಯಮಗಳನ್ನು ಅವರು ಗಾಜಿನೊಳಗೆ ತಂದರು. ಕಲ್ಲುಗಳ ಸಂಖ್ಯೆ ಬೆಸವಾಗಿರಬೇಕು. ಒಂದು ಹಿರಿಯ ಕಲ್ಲು, ಉಳಿದವು ಅದಕ್ಕೆ ಓಗೊಡಬೇಕು. ಹಿರಿಯ ಕಲ್ಲು ನಟ್ಟನಡುವೆ ಕೂರಬಾರದು. ಹವಳದ ತೊಟ್ಟಿಯವರು ಇದರಿಂದ ಕಲಿತದ್ದು ಖಾಲಿಯ ಬೆಲೆ. ಒಂದೇ ಗೋಡೆಯ ಬದಲು ಒಂದು ದೊಡ್ಡ ದ್ವೀಪ, ಒಂದು ಚಿಕ್ಕದು, ನಡುವೆ ಮರಳಿನ ಓಣಿ. ಇತ್ತೀಚಿನ ವರ್ಷಗಳಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಅಂಟು ಮತ್ತು ಸಿಮೆಂಟಿನಿಂದ ಕಲ್ಲಿನ ಚೂರುಗಳನ್ನು ಬೆಸೆದು, ಬೋಳು ಮರದ ಕೊಂಬೆಗಳ ಹಾಗೆ ನೀರಿನಲ್ಲಿ ಚಾಚುವ ತೋಳುಗಳನ್ನು ಕಟ್ಟುತ್ತಾರೆ. ಕಲ್ಲಿಗಿಂತ ಕಲ್ಲಿಲ್ಲದ ಜಾಗವೇ ಇಲ್ಲಿ ಹೆಚ್ಚು.

ನನಗೆ ಈ ಶೈಲಿ ಇಷ್ಟ, ಆದರೆ ಅದರ ಮೇಲೆ ಒಂದು ಗುಮಾನಿಯೂ ಇದೆ. ಅಮಾನೋ ಛಾಯಾಗ್ರಾಹಕರಾಗಿದ್ದರು ಎಂಬುದು ಸಣ್ಣ ಸಂಗತಿಯಲ್ಲ. ಅವರ ಸಂಸ್ಥೆ 2001ರಿಂದ ನಡೆಸುತ್ತಿರುವ ಜಲಸಸ್ಯ ವಿನ್ಯಾಸದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ತೀರ್ಪುಗಾರರ ಮುಂದೆ ಬರುವುದು ತೊಟ್ಟಿಯ ಫೋಟೋ. ಅದೂ ಎದುರಿನಿಂದ ತೆಗೆದದ್ದು, ಒಂದು ಕ್ಷಣದ್ದು. ಸಸ್ಯದ ತೊಟ್ಟಿಗೆ ಇದು ಹೇಗೋ ಹೊಂದುತ್ತದೆ, ಏಕೆಂದರೆ ಅಲ್ಲಿ ಗಿಡ ಬೆಳೆದು ತುಂಬಿದ ಮೇಲೇ ಚಿತ್ರ ತೆಗೆಯುತ್ತಾರೆ. ಹವಳದ ತೊಟ್ಟಿಯಲ್ಲಿ ಮಾತ್ರ ಮೊದಲ ದಿನದ ಬೋಳು ಕಲ್ಲಿನ ಫೋಟೋವೇ ಮೆಚ್ಚುಗೆ ಗಿಟ್ಟಿಸುತ್ತದೆ. ತೋಳುಗಳು ಎಷ್ಟು ಸಪೂರ, ಸಮತೋಲ ಎಷ್ಟು ಅಸಾಧ್ಯ, ನೆರಳು ಎಷ್ಟು ನಾಟಕೀಯ ಎಂದು ಜನ ಹೊಗಳುತ್ತಾರೆ. ಒಂದು ನಾಟಕದ ರಂಗಸಜ್ಜಿಕೆಯನ್ನು ನಟರು ಬರುವ ಮೊದಲೇ ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೋದ ಹಾಗೆ.

ನಟರು ಬಂದ ಮೇಲೆ ಏನಾಗುತ್ತದೆ? ಗೆಳೆಯರೊಬ್ಬರ ಮನೆಯ ನಾಲ್ಕು ಅಡಿಯ ತೊಟ್ಟಿಯಲ್ಲಿ ನಾನು ಇದನ್ನು ಮೂರು ವರ್ಷ ನೋಡಿದೆ. ಮೊದಲ ದಿನ ಆ ಜೋಡಣೆ ಪೆದ್ದಾಗಿ ಕಾಣುತ್ತಿತ್ತು. ಎಡಕ್ಕೆ ಒಂದು ಗುಡ್ಡೆ, ಬಲಕ್ಕೆ ಒಂದು ಚಪ್ಪಟೆ ಕಟ್ಟೆ, ಅವುಗಳ ನಡುವೆ ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚೇ ಅನ್ನಿಸುವ ಅಂತರ. ಕಲ್ಲಿನ ತುದಿ ನೀರಿನ ಮಟ್ಟಕ್ಕಿಂತ ಬಹಳ ಕೆಳಗೇ ನಿಂತುಬಿಟ್ಟಿತ್ತು. ಮೇಲೆ ಇಷ್ಟು ಜಾಗ ದಂಡವಲ್ಲವೇ ಎಂದರೆ ಅವರು ನಕ್ಕು, 'ಅದು ನನ್ನ ಜಾಗ ಅಲ್ಲ' ಅಂದರು. ಎರಡನೆಯ ವರ್ಷಕ್ಕೆ ಅಕ್ರೋಪೋರಾ ಎಂಬ ಕೊಂಬೆ ಹವಳ ಗುಡ್ಡೆಯ ನೆತ್ತಿಯಿಂದ ಎದ್ದು ಆ ಮೇಲಿನ ಜಾಗವನ್ನು ತುಂಬಿತು. ನಡುವಿನ ಅಂತರ ಎರಡೂ ಕಡೆಯಿಂದ ಕಿರಿದಾಗುತ್ತ ಬಂದು, ಮೂರನೆಯ ವರ್ಷ ಕಣ್ಣಿಗೆ ಹಿತವಾದ ಓಣಿಯಾಯಿತು. ಗ್ಯಾಲಾಕ್ಸಿಯಾದಂಥ ಹವಳ ರಾತ್ರಿ ಉದ್ದನೆಯ ಕುಟುಕು ಎಳೆಗಳನ್ನು ಚಾಚಿ ನೆರೆಯ ಹವಳವನ್ನು ಸುಡುತ್ತದೆ; ಅದಕ್ಕೂ ಅವರು ಸುತ್ತ ಜಾಗ ಬಿಟ್ಟಿದ್ದರು. ಅಷ್ಟು ಹೊತ್ತಿಗೆ ಕಲ್ಲು ಎಲ್ಲಿತ್ತು ಎಂದು ಹುಡುಕಬೇಕಿತ್ತು.

ಆ ತೊಟ್ಟಿಯಿಂದ ನನಗೆ ಸಿಕ್ಕ ಅಳತೆಗೋಲು ಇದು: ಕಲ್ಲಿನ ಜೋಡಣೆಯನ್ನು ಅದು ತೋರುವ ಆಕಾರಕ್ಕಾಗಿ ಅಲ್ಲ, ಬಿಟ್ಟುಕೊಡುವ ಜಾಗಕ್ಕಾಗಿ ಓದಬೇಕು. ಜೋಡಿಸುವವನು ಕರಡು ಬರೆಯುತ್ತಾನೆ, ಪೂರ್ತಿ ಮಾಡುವವರು ಬೇರೆ. ಮೊದಲ ದಿನವೇ ಪರಿಪೂರ್ಣವಾಗಿ ಕಾಣುವ ತೊಟ್ಟಿಯಲ್ಲಿ ಹವಳಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಅದು ಬೆಳೆದಂತೆಲ್ಲ ಆ ಸಪೂರ ತೋಳುಗಳ ಚೆಲುವನ್ನು ಕೆಡಿಸುತ್ತ ಹೋಗುತ್ತದೆ. ಯಜಮಾನ ಕತ್ತರಿ ಹಿಡಿಯುತ್ತಾನೆ, ತನ್ನ ಮೊದಲ ಫೋಟೋವನ್ನು ಕಾಪಾಡಲು.

ಎದುರಿನ ಗಾಜಿನಿಂದ ನೋಡುವ ಅಭ್ಯಾಸ ಇನ್ನೊಂದನ್ನೂ ಮರೆಸುತ್ತದೆ: ಒಳಗಿನಿಂದ ಓದುವವರನ್ನು. ಪಿಸ್ತೂಲು ಸಿಗಡಿ ಎಂಬ ಜೀವಿಗೆ ಕಣ್ಣು ಅಷ್ಟಕ್ಕಷ್ಟೆ. ಅದು ಕಲ್ಲಿನ ಬುಡದಲ್ಲಿ ಮರಳು ತೋಡಿ ಬಿಲ ಮಾಡುತ್ತದೆ. ಗೋಬಿ ಎಂಬ ಪುಟ್ಟ ಮೀನು ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಸಿಗಡಿ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಹೊರಗೆ ಬರುತ್ತದೆ, ಮೀನು ಬೆದರಿದರೆ ತಾನೂ ಒಳಗೆ. ಈ ಸಂಸಾರಕ್ಕೆ ಬೇಕಾದದ್ದು ಭದ್ರವಾದ ಸೂರು. ಅದಕ್ಕೇ ತಿಳಿದವರು ಕಲ್ಲನ್ನು ಮರಳಿನ ಮೇಲೆ ಇಡುವುದಿಲ್ಲ, ಮೊದಲು ತೊಟ್ಟಿಯ ತಳದ ಮೇಲೇ ಕೂರಿಸಿ ಆಮೇಲೆ ಸುತ್ತ ಮರಳು ಸುರಿಯುತ್ತಾರೆ. ಮರಳಿನ ಮೇಲಿಟ್ಟರೆ ಸಿಗಡಿ ತೋಡಿದ ದಿನ ಗುಡ್ಡೆ ಅದರ ತಲೆಯ ಮೇಲೇ ಬಿದ್ದೀತು. ಫೋಟೋದಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಸಮುದ್ರವನ್ನು ಮನೆಗೆ ತರುವ ಆಸೆಗೆ ಒಂದು ಸಾಹಿತ್ಯಚರಿತ್ರೆಯೂ ಇದೆ. ಅದನ್ನು ಬಿಟ್ಟರೆ ಕಲ್ಲಿನ ವಿಮರ್ಶೆ ಅರ್ಧವಾದೀತು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ 'ದಿ ಅಕ್ವೇರಿಯಂ' ಎಂಬ ಪುಸ್ತಕ ತಂದರು. ಸುಂದರ ಚಿತ್ರಗಳು, ರಸವತ್ತಾದ ಗದ್ಯ. ಓದಿದ ಜನ ಸುತ್ತಿಗೆ, ಉಳಿ, ಜಾಡಿ ಹಿಡಿದು ಡೆವನ್ನಿನ ಕಡಲತೀರಕ್ಕೆ ನುಗ್ಗಿದರು. ಬಂಡೆಗಳ ನಡುವಿನ ನೀರಿನ ಹೊಂಡಗಳು ಬರಿದಾದವು. ಮಗ ಎಡ್ಮಂಡ್ ಗಾಸ್ 1907ರ 'ಫಾದರ್ ಅಂಡ್ ಸನ್' ಕೃತಿಯಲ್ಲಿ ಇದನ್ನು ಸಂಕಟದಿಂದ ನೆನೆಯುತ್ತಾನೆ. ಸಮುದ್ರವನ್ನು ಅಷ್ಟು ಭಕ್ತಿಯಿಂದ ಕಂಡ ಅಪ್ಪನ ಪುಸ್ತಕವೇ ಸಮುದ್ರದಂಚಿನ ಸೂರೆಗೆ ಕಾರಣವಾಯಿತು, ಅಪ್ಪನಿಗೂ ಅದು ಗೊತ್ತಾಗಿ ನೊಂದರು ಎಂದು. ಬಹಳ ಚೆನ್ನಾಗಿ ಬರೆದದ್ದರ ಪರಿಣಾಮ ಹೀಗೂ ಇರುತ್ತದೆ.

ಅದೇ ಗಾಸ್ 1857ರಲ್ಲಿ 'ಓಂಫಲಾಸ್' ಎಂಬ ವಿಚಿತ್ರ ಪುಸ್ತಕ ಬರೆದರು. ಗ್ರೀಕಿನಲ್ಲಿ ಆ ಪದಕ್ಕೆ ಹೊಕ್ಕುಳು ಎಂದು ಅರ್ಥ. ತಾಯಿಯಿಂದ ಹುಟ್ಟದ ಆದಾಮನಿಗೂ ಹೊಕ್ಕುಳಿತ್ತು, ಆಗಷ್ಟೇ ಸೃಷ್ಟಿಯಾದ ಮರಕ್ಕೂ ಒಳಗೆ ವರ್ಷದ ಉಂಗುರಗಳಿದ್ದವು, ಹಾಗೆಯೇ ದೇವರು ಭೂಮಿಯನ್ನು ಹಳೆಯದಾಗಿ ಕಾಣುವಂತೆಯೇ ಸೃಷ್ಟಿಸಿದ, ಪಳೆಯುಳಿಕೆಗಳ ಸಮೇತ ಎಂಬುದು ವಾದ. ವಿಜ್ಞಾನಿಗಳೂ ಒಪ್ಪಲಿಲ್ಲ, ಭಕ್ತರೂ ಒಪ್ಪಲಿಲ್ಲ. ಇಂದು ಅಕ್ವೇರಿಯಂ ಅಂಗಡಿಗೆ ಹೋದರೆ ಗಾಸ್ ಗೆದ್ದಿದ್ದಾರೆ ಅನ್ನಿಸುತ್ತದೆ. ಸುಣ್ಣಪಾಚಿ ಹತ್ತಿ ನಸುನೇರಳೆಯಾಗಲು ಕಲ್ಲಿಗೆ ತಿಂಗಳುಗಳು ಬೇಕು. ಅಷ್ಟು ಕಾಯಲಾರದವರಿಗಾಗಿ ಮೊದಲೇ ನೇರಳೆ ಬಣ್ಣ ಬಳಿದ ಕೃತಕ ಕಲ್ಲು ಸಿಗುತ್ತದೆ. ಹುಟ್ಟುವಾಗಲೇ ಹೊಕ್ಕುಳಿರುವ ಕಲ್ಲು!

ಆದರೂ ಕೃತಕ ಕಲ್ಲನ್ನು ಸುಮ್ಮನೆ ಹೀಗಳೆಯಲಾರೆ. ನಮ್ಮ ದೇಶದಲ್ಲಿ ಹೊಸ ಶತಮಾನದ ಆರಂಭದಿಂದ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ, ಹುಲಿಗೆ ಇರುವಂಥದೇ ರಕ್ಷಣೆ. ಮನ್ನಾರ್ ಕೊಲ್ಲಿಯಲ್ಲಿ ಹಿಂದೆ ಸುಣ್ಣಕ್ಕಾಗಿ ಹವಳದ ಕಲ್ಲನ್ನೇ ಅಗೆದು ಸಾಗಿಸುತ್ತಿದ್ದರು; ಅದರ ಪೆಟ್ಟನ್ನು ಅಲ್ಲಿಯ ದ್ವೀಪಗಳು ಇನ್ನೂ ಉಣ್ಣುತ್ತಿವೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗುವವರು ಅಲ್ಲಿಯ ಹವಳವನ್ನು ಕಣ್ಣಲ್ಲಿ ತುಂಬಿಕೊಂಡು ಬರಬಹುದು, ಕೈಯಲ್ಲಿ ತರುವಂತಿಲ್ಲ. ಲೀ ಚಿನ್ ಎಂಗ್ ಮಾಡಿದ ಹಾಗೆ ಸಮುದ್ರಕ್ಕೆ ಹೋಗಿ ಕಲ್ಲೆತ್ತಿ ತರುವ ದಾರಿ ನಮ್ಮವರಿಗೆ ಮುಚ್ಚಿದೆ, ಮುಚ್ಚಿರುವುದೇ ಒಳ್ಳೆಯದು.

ಉಳಿದದ್ದು ಒಣ ಕಲ್ಲು, ಇಲ್ಲವೇ ಅಚ್ಚಿಗೆ ಹಾಕಿ ಮಾಡಿದ ಕಲ್ಲು. ಎರಡರಲ್ಲೂ ಬಣ್ಣ ಹಚ್ಚದ ಬಿಳಿ ಕಲ್ಲೇ ಮೇಲು ಎನ್ನುತ್ತೇನೆ. ಮೊದಮೊದಲು ಅದು ಆಸ್ಪತ್ರೆಯ ಗೋಡೆಯ ಹಾಗೆ ಕಾಣುತ್ತದೆ. ಕೆಲವು ವಾರಗಳಲ್ಲಿ ಕಂದು ಪಾಚಿ ಹತ್ತುತ್ತದೆ, ಅದನ್ನು ತಿನ್ನಲು ಬಸವನಹುಳು ಬರುತ್ತದೆ, ಆಮೇಲೆ ಹಸಿರು ಕೂದಲು ಬೆಳೆದು ಮನೆಗೆ ಬಂದವರು ಮುಖ ಸಿಂಡರಿಸುತ್ತಾರೆ. ಈ ಹಂತದ ಫೋಟೋ ಯಾರೂ ತೆಗೆಯುವುದಿಲ್ಲ. ಗೆಳೆಯರ ತೊಟ್ಟಿಯಲ್ಲಿ ಏಳನೆಯ ತಿಂಗಳು, ಬಲಗಡೆಯ ಕಟ್ಟೆಯ ಅಡಿಯಲ್ಲಿ, ಬೆಳಕು ಸರಿಯಾಗಿ ಬೀಳದ ಕಡೆ, ಸಾಸಿವೆ ಕಾಳಿನಷ್ಟು ನೇರಳೆ ಚುಕ್ಕೆ ಮೊದಲು ಕಂಡಿತು. ಅವರು ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ತಾಗಿಸಿ ಅದನ್ನು ತೋರಿಸಿದರು. ಎದುರಿನಿಂದ ಅದು ಕಾಣುತ್ತಿರಲಿಲ್ಲ.