ಪಾಂಡುವಿನ ಪ್ರಸಂಗವೂ ರೋಗಿಯ ದಾಂಪತ್ಯವೂ

ದೇಹ ದೀರ್ಘವ್ಯಾಧಿಗೆ ತುತ್ತಾದಾಗ ದಾಂಪತ್ಯಸುಖದ ಗತಿಯೇನು? ನಮ್ಮ ಪುರಾಣಕಾವ್ಯಗಳು ಈ ಪ್ರಶ್ನೆಯನ್ನು ತಿರುವುಮುರುವಾಗಿ ಹಿಡಿದಿವೆ. ಅವುಗಳಿಗೆ ಕಾಮವೇ ವ್ಯಾಧಿಯ ಮೂಲ. ರೋಹಿಣಿಯಲ್ಲಿ ಅತ್ಯಾಸಕ್ತನಾದ ಚಂದ್ರನಿಗೆ ಕ್ಷಯ. ಇಬ್ಬರು ರಾಣಿಯರೊಡನೆ ಏಳು ವರ್ಷ ವಿಹರಿಸಿದ ವಿಚಿತ್ರವೀರ್ಯನಿಗೂ ಕ್ಷಯವೇ. ಚಂದ್ರನ ಕಥೆಯನ್ನು ಚರಕಸಂಹಿತೆಯೂ ಎತ್ತಿಕೊಂಡಿದೆ. ರೋಗಿಯಲ್ಲಿ ಉಳಿದಿರುವ ಅನುರಾಗವನ್ನು ವಿಚಾರಿಸಿದವರು ವಿರಳ.

ಈ ದೃಷ್ಟಿಯಿಂದ ಪಾಂಡುವಿನ ಪ್ರಸಂಗ ವಿಚಾರಾರ್ಹವಾದುದು. ಅವನು ರೋಗಿಯಲ್ಲ, ಶಾಪಗ್ರಸ್ತ, ನಿಜ. ಆದರೆ ಕೂಡಿದರೆ ಸಾವೆಂಬ ಅವನ ಭಯಕ್ಕೂ ಹೃದ್ರೋಗಿಯ ಭಯಕ್ಕೂ ಅಂತರ ಬಹಳವಿಲ್ಲ. ವ್ಯಾಸಭಾರತದ ಪಾಂಡು ಸಂತಾನದ ವಿಷಯವನ್ನು ಕುಂತಿಯೊಡನೆ ಸಂಕೋಚವಿಲ್ಲದೆ, ಸುದೀರ್ಘವಾಗಿ ಚರ್ಚಿಸುತ್ತಾನೆ. ಬಯಕೆಗೆ ಮಾತ್ರ ಅವನಲ್ಲಿರುವ ಉತ್ತರ ವೈರಾಗ್ಯವೊಂದೇ. 'ವಿಕ್ರಮಾರ್ಜುನ ವಿಜಯ'ದ ಎರಡನೆಯ ಆಶ್ವಾಸದಲ್ಲಿ ಪಂಪನು ವಸಂತವನ್ನು ತಂದು, ಮಾದ್ರಿಯನ್ನು ಹೂಗಳಿಂದ ಸಿಂಗರಿಸಿ, ಒಂದೇ ಆಲಿಂಗನದಲ್ಲಿ ಅರಸನ ಕಥೆಯನ್ನು ಮುಗಿಸುತ್ತಾನೆ. ಚಿತ್ರವೇನೋ ಮನೋಹರ. ಆದರೆ ಅದುವರೆಗೆ ಆ ಮೂವರೂ ಒಂದೇ ಆಶ್ರಮದಲ್ಲಿ ಹೇಗೆ ಬಾಳಿದರು, ಏನು ಮಾತಾಡಿಕೊಂಡರು? ಕವಿಯ ಲಕ್ಷ್ಯ ಅತ್ತ ಹರಿದಿಲ್ಲ. ಹೆಂಡತಿಯರ ದನಿ ಕೇಳಿಬರುವುದು ಚಿತೆಯೇರುವ ಹಕ್ಕು ಯಾರದೆಂಬ ವಾದದಲ್ಲಿ.

ಸಂತಾನದ ಮಾತಿಗೆ ಅವಕಾಶ, ಬಯಕೆಯ ಮಾತಿಗೆ ಮೌನ ಎಂಬ ಈ ಪದ್ಧತಿ ಇಂದಿನ ಚಿಕಿತ್ಸಾಲಯದಲ್ಲಿಯೂ ಉಳಿದಿದೆ. ಮಕ್ಕಳಿಲ್ಲವೆಂದು ಬಂದ ದಂಪತಿಗಳನ್ನು ವೈದ್ಯರು ಎಲ್ಲವನ್ನೂ ಕೇಳುತ್ತಾರೆ. ಸಕ್ಕರೆ ಕಾಯಿಲೆಗೆಂದು ಬಂದ ಐವತ್ತರ ಗೃಹಸ್ಥನನ್ನು ಕೇಳುವುದು ಅಪರೂಪ. ಮಧುಮೇಹವು ನರಗಳನ್ನೂ ರಕ್ತನಾಳಗಳನ್ನೂ ಕೆಡಿಸಿ ಪುರುಷನಲ್ಲಿ ನಿಮಿರುವಿಕೆಯನ್ನು ಕುಂದಿಸಬಲ್ಲದು. ಸ್ತ್ರೀಯಲ್ಲಿ ಶುಷ್ಕತೆಯನ್ನೂ ನೋವನ್ನೂ ಉಂಟುಮಾಡಬಲ್ಲದು. ನಿಮಿರುವಿಕೆಯ ತೊಂದರೆ ಕೆಲವೊಮ್ಮೆ ಹೃದ್ರೋಗದ ಮುನ್ಸೂಚನೆಯೂ ಹೌದು. ರಕ್ತದೊತ್ತಡದ ಕೆಲವು ಮಾತ್ರೆಗಳಿಗೂ ಇಂಥ ದೋಷವಿದೆ. ಇದನ್ನು ಬಾಯಿಬಿಟ್ಟು ಹೇಳಲಾರದ ರೋಗಿ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾನೆ; ಇಲ್ಲವೇ ಗುಟ್ಟಾಗಿ ಸಿಲ್ಡೆನಾಫಿಲ್ ತಂದು ನುಂಗುತ್ತಾನೆ. ಎದೆನೋವಿಗೆ ನೈಟ್ರೇಟ್ ಸೇವಿಸುವವನಲ್ಲಿ ಅದು ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಲ್ಲದು. ಎದೆನೋವಾಗಲಿ ಏದುಸಿರಾಗಲಿ ಇಲ್ಲದೆ ಎರಡು ಅಂತಸ್ತಿನ ಮೆಟ್ಟಿಲೇರಬಲ್ಲ ಹೃದ್ರೋಗಿಗೆ ಸಾಮಾನ್ಯವಾಗಿ ದಾಂಪತ್ಯಸುಖ ನಿಷಿದ್ಧವಲ್ಲ. ಇಷ್ಟನ್ನು ಹೇಳುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಹಾಸಿಗೆಗಳು ಬೇರೆಯಾಗುತ್ತವೆ.

ಭಾಷೆಯ ತೊಡಕು ಬೇರೆ. ಶೃಂಗಾರವರ್ಣನೆಗೆ ಬಡತನವನ್ನೇ ಅರಿಯದ ಕನ್ನಡದಲ್ಲಿ ಈ ದೌರ್ಬಲ್ಯಕ್ಕೆ ಬಳಕೆಯಲ್ಲಿರುವ 'ಷಂಡತನ' ಬೈಗುಳವೇ ಹೊರತು ರೋಗದ ಹೆಸರಲ್ಲ. 'ನಿಮಿರು ದೌರ್ಬಲ್ಯ' ಎಂಬ ಶಬ್ದ ಪತ್ರಿಕೆಗಳ ಆರೋಗ್ಯ ಅಂಕಣವನ್ನು ದಾಟಿ ಮನೆಮಾತಿಗೆ ಇಳಿದಿಲ್ಲ. ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ವೈದ್ಯರೆದುರು ಕುಳಿತ ಕನ್ನಡಿಗನು ತನ್ನ ಮಾತಿನಲ್ಲಿಯೇ ಇಲ್ಲದ ಪದವನ್ನು ಪರಭಾಷೆಯಲ್ಲಿ ಹುಡುಕಬೇಕು. ಪಕ್ಕದಲ್ಲಿ ಕುಳಿತ ಪತ್ನಿಯನ್ನಂತೂ, ಮಾದ್ರಿಯನ್ನು ಹೇಗೋ ಹಾಗೆ, ಯಾರೂ ಕೇಳುವುದಿಲ್ಲ.